ರವಿವಾರದ ರೇಡಾರ್ ಸರ್ವೆಗೆ ಬರುವ ಮೊದಲು

ಎಲ್ಲರಿಗೂ ಶರಣು. ರವಿವಾರ ಬೆಳಿಗ್ಗೆ 7ಕ್ಕೆ ಬೀದರ್‌ನ ನೌಬಾದ್ ಹತ್ತಿರ ನೆಲದ ರೇಡಾರ್ ಅಭ್ಯಾಸ ಇದೆ. ಹೊಸಬರು ಜಾಸ್ತಿ ಇದ್ದೀರಿ, ಅದಕ್ಕೇ ನಾಲ್ಕು ಮಾತು.

ಆಂಟೆನಾ ನೆಲದೊಳಗೆ ರೇಡಿಯೋ ಅಲೆ ಕಳಿಸುತ್ತದೆ, ತಿರುಗಿ ಬಂದದ್ದನ್ನು ಹಿಡಿಯುತ್ತದೆ. ಒಂದು ಜಾಗದಲ್ಲಿ ಹಿಡಿದ ಗೆರೆ ‘ಟ್ರೇಸ್’. ಗಾಡಿ ತಳ್ಳುತ್ತ ಹೋದಂತೆ ಟ್ರೇಸ್‌ಗಳು ಪಕ್ಕಪಕ್ಕ ಸೇರಿ ಆಗುವ ಚಿತ್ರ ‘ರೇಡಾರ್‌ಗ್ರಾಮ್’.

ಅದರಲ್ಲಿ ಅಡ್ಡ ಹೋದ ಪೈಪು ಗುಂಡಗೆ ಕಾಣುವುದಿಲ್ಲ, ಬಿಲ್ಲಿನಂತೆ ಬಾಗಿ ಕಾಣುತ್ತದೆ. ಇದೇ ‘ಹೈಪರ್ಬೋಲಾ’. ಗಾಡಿ ಇನ್ನೂ ದೂರ ಇರುವಾಗಲೇ ಅಲೆ ಓರೆಯಾಗಿ ಹೋಗಿ ಪೈಪಿಗೆ ತಾಗುತ್ತದೆ. ದಾರಿ ಉದ್ದ, ಸಮಯ ಜಾಸ್ತಿ. ನೇರ ಮೇಲೆ ಬಂದಾಗ ಸಮಯ ಕಡಿಮೆ. ಹಾಗಾಗಿ ಪೈಪು ಇರುವುದು ಬಿಲ್ಲಿನ ನೆತ್ತಿಯಲ್ಲಿ. ಬಿಲ್ಲಿನ ಎರಡು ಕಾಲು ನೋಡಿ ಎರಡು ಪೈಪು ಅಂತ ಗುರುತು ಹಾಕಬೇಡಿ.

ತೆರೆಯ ಮೇಲಿನ ಮೂಲ ಅಳತೆ ಮೀಟರ್ ಅಲ್ಲ, ನ್ಯಾನೋಸೆಕೆಂಡ್. ಅದೂ ಹೋಗಿ ಬರುವ ಸಮಯ! ಅಲೆಯ ವೇಗ ಆಯಾ ವಸ್ತುವಿನ ‘ಡೈಎಲೆಕ್ಟ್ರಿಕ್’ ಅಂಕಿಯ ಮೇಲೆ ನಿಂತಿದೆ, ಅಂಕಿ ಹೆಚ್ಚಾದಷ್ಟು ವೇಗ ಕಡಿಮೆ: ಗಾಳಿಗೆ 1, ನೀರಿಗೆ ಸುಮಾರು 80. ಅಂಕಿ 9 ಇರುವ ನೆಲದಲ್ಲಿ ಅಲೆ ನ್ಯಾನೋಸೆಕೆಂಡಿಗೆ 10 ಸೆಂಟಿಮೀಟರ್ ಓಡುತ್ತದೆ. 40 ನ್ಯಾನೋಸೆಕೆಂಡ್ ಕಂಡರೆ ಆಳ 2 ಮೀಟರ್, 4 ಅಲ್ಲ.

ಕಲಬುರಗಿ ಕಡೆಯ ಹಸಿ ಎರೆ ಮಣ್ಣು ಅಲೆಯನ್ನು ನುಂಗಿಬಿಡುತ್ತದೆ, ಅದು ‘ಅಟೆನ್ಯುಯೇಷನ್’. ಫ್ರೀಕ್ವೆನ್ಸಿ ಇಳಿಸಿದರೆ ಆಳ ಸಿಗುತ್ತದೆ, ಸಣ್ಣ ವಸ್ತು ಕೈತಪ್ಪುತ್ತದೆ. ನಮಗೆ ಬೇಕಿರುವುದು ಕೆಂಪು ಕಲ್ಲಿನೊಳಗಿನ ಕಾರೆಜ್ (ನೆಲದಡಿ ನೀರು ಹರಿಸುವ ಹಳೇ ಕಾಲುವೆ) ಸುರಂಗ, ಹಾಗಾಗಿ 400 ಬಿಟ್ಟು 100 ಮೆಗಾಹರ್ಟ್ಸ್ ಆಂಟೆನಾ ತರುತ್ತಿದ್ದೇವೆ.

ಟೋಪಿ, ನೀರು ತನ್ನಿ. ಗಾಡಿ ಹತ್ತಿರ ಮೊಬೈಲ್ ಬೇಡ.