ಶೃಂಗೇರಿಯ ಆ ಅಕ್ಕನಿಗೆ ಥ್ಯಾಂಕ್ಸ್

ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದ ಅಂಗಳ ಗುಡಿಸುತ್ತಿದ್ದ ಅಕ್ಕನಿಗೆ ಈ ಬರಹ. ಹೆಸರು ಕೇಳಿದರೆ, "ಹೆಸರೆಂತಕ್ಕೆ ಮಾರಾಯ್ರೆ" ಎಂದು ನಕ್ಕುಬಿಟ್ಟರು.

ನನ್ನ ಅಪ್ಪ ಚಿಕ್ಕಮಗಳೂರಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಈ ದೇವಸ್ಥಾನದ 12 ರಾಶಿ ಕಂಬಗಳನ್ನು ನೋಡಬೇಕು ಅನ್ನುವುದು ಅವರ ಬಹಳ ದಿನದ ಆಸೆ. ಒಂದೊಂದು ಕಂಬಕ್ಕೆ ಒಂದೊಂದು ರಾಶಿ. ಸೂರ್ಯ ಯಾವ ರಾಶಿಯಲ್ಲಿರುತ್ತಾನೋ ಆ ತಿಂಗಳು ಆ ಕಂಬಕ್ಕೆ ಬೆಳಗಿನ ಬಿಸಿಲು ಬೀಳುತ್ತದೆ ಎನ್ನುತ್ತಾರೆ. ನೆರಳಿನ ದಿಕ್ಕು ತೋರಿಸಲು ನೆಲದ ಮೇಲೆ ಗೆರೆಗಳೂ ಇವೆ. ಆಕಾಶದ ಲೆಕ್ಕವನ್ನು ಗುಡಿಯೊಳಗೇ ಕೂರಿಸಿದ್ದಾರೆ, ಅಲ್ವಾ!

ನಾವು ತಲುಪಿದಾಗ ಮಧ್ಯಾಹ್ನ. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಅಪ್ಪನಿಗೆ ತಲೆ ಸುತ್ತಿತು. ನನ್ನ ಕೈ ಹಿಡಿದವರು ಹಾಗೇ ಕುಸಿದರು. ಗಾಬರಿಯಲ್ಲಿ ನನಗೆ ಮಾತೇ ಹೊರಡಲಿಲ್ಲ.

ಅಕ್ಕ ಪೊರಕೆ ಬಿಟ್ಟು ಓಡಿ ಬಂದರು. ಕಲ್ಲಿನ ಮೇಲೆ ಒಂದು ಕೊಡ ನೀರು ಸುರಿದರು. ಅಪ್ಪನನ್ನು ಇನ್ನೊಂದು ಕಡೆಯಿಂದ ಹಿಡಿದು ನೆರಳಿಗೆ ಕೂರಿಸಿದರು. ಸೆರಗು ಒದ್ದೆ ಮಾಡಿ ಕುತ್ತಿಗೆ ಒರೆಸಿದರು. ತಮ್ಮ ಊಟದ ಜೊತೆ ತಂದಿದ್ದ ಮಜ್ಜಿಗೆಯನ್ನೇ ಕೊಟ್ಟು, "ನಿಧಾನ ಕುಡೀರಿ ಅಜ್ಜ" ಅಂದರು. ಅಪ್ಪನ ಮುಖಕ್ಕೆ ಬಣ್ಣ ಬಂದಾಗ ನನಗೆ ಉಸಿರು ಬಂತು.

ಅಪ್ಪ ಮೇಷ್ಟ್ರು ಎಂದು ಗೊತ್ತಾದ ಮೇಲೆ ಒಳಗೆ ಅವರೇ ಕೈ ಹಿಡಿದು ಕರೆದುಕೊಂಡು ಹೋದರು. ಅಪ್ಪ ದಣಿದಂತೆ ಕಂಡಾಗಲೆಲ್ಲ, "ಇದ್ಯಾವ ರಾಶಿ ಮೇಷ್ಟ್ರೇ?" ಎಂದು ಕೇಳಿ ನಿಲ್ಲಿಸುತ್ತಿದ್ದರು. ದಿನಾ ಅಲ್ಲೇ ಕೆಲಸ ಮಾಡುವವರಿಗೆ ಗೊತ್ತಿರುವುದಿಲ್ಲವೇ? ಅಪ್ಪ ಖುಷಿಯಿಂದ ಪಾಠ ಮಾಡುತ್ತಾ, ಸುಧಾರಿಸಿಕೊಳ್ಳುತ್ತಾ ಹನ್ನೆರಡೂ ಕಂಬ ನೋಡಿದರು.

ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಅಕ್ಕಾ, ಡಾಕ್ಟರಿಗೆ ತೋರಿಸಿದೆವು. ಬಿಪಿ ಇಳಿದಿತ್ತಂತೆ. ಅಪ್ಪ ಈಗ ಆರಾಮಾಗಿದ್ದಾರೆ. ನಿಮಗೆ ನಮ್ಮಿಬ್ಬರ ನಮಸ್ಕಾರ.