ಬೀದರ್ ವಿಮಾನ ನಿಲ್ದಾಣದ ಗೋಡೆಯ ಮೇಲೆ ದೇವಯ್ಯನವರ ಕತೆ ಬರಲಿ

ಬೀದರ್ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೇ,

ವಾಯುಪಡೆಯ ಹಾಕ್ ತರಬೇತಿ ವಿಮಾನ ತಲೆ ಮೇಲೆ ಹಾದುಹೋದರೆ ಬೀದರಿನ ಶಾಲೆಗಳಲ್ಲಿ ಮಾಸ್ತರರು ಮಾತು ಅರ್ಧಕ್ಕೇ ನಿಲ್ಲಿಸಬೇಕು. ಸದ್ದು ಅಡಗಿದ ಮೇಲೆಯೇ ಪಾಠ ಮುಂದಕ್ಕೆ. ಯುದ್ಧವಿಮಾನ ಹಾರಿಸುವ ಹುಡುಗರು ಕಲಿಯಲು ನಮ್ಮೂರಿಗೆ ಬರುತ್ತಾರೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲೇ. ಆದರೆ ಯುದ್ಧದಲ್ಲಿ ಮಡಿದ ಕನ್ನಡನಾಡಿನ ಪೈಲಟ್ ಒಬ್ಬರ ಹೆಸರು ಹೇಳಿ ಎಂದರೆ ನಮ್ಮ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಕೊಡಗಿನವರು. 1932ರಲ್ಲಿ ಹುಟ್ಟಿ, 1954ರಲ್ಲಿ ವಾಯುಪಡೆ ಸೇರಿದರು. ಹೊಸಬರಿಗೆ ಹಾರಾಟ ಕಲಿಸುವ ಗುರುವೂ ಆಗಿದ್ದರು. ಬೀದರಿನಂಥ ಊರಿಗೆ ಅವರು ಹತ್ತಿರದವರಾಗುವುದು ಇದಕ್ಕೇ.

1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ನಮ್ಮ ವಾಯುಪಡೆಯ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಅಂದು ಮೀಸಲು ಪೈಲಟ್. ಒಂದು ವಿಮಾನ ಹಿಂದುಳಿದಾಗ ಇವರು ತಂಡ ಸೇರಿಕೊಂಡರು. ಅಷ್ಟು ದೂರ ಹೋಗಿ ಬರಲು ಇಂಧನ ಸಾಲುವುದೇ ಕಷ್ಟ, ಕಾದಾಟಕ್ಕೆ ನಿಂತರೆ ಮರಳುವ ಭರವಸೆ ಇಲ್ಲ. ಇವರನ್ನು ಎದುರಿಸಿದ್ದು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್. ಅದು ಶಬ್ದದ ಎರಡು ಪಟ್ಟು ವೇಗದ ವಿಮಾನ. ವೇಗದಲ್ಲಿ ಮಿಸ್ಟೇರ್ ಅದಕ್ಕೆ ಸಾಟಿಯೇ ಅಲ್ಲ. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿಬಿದ್ದರು, ಗುಂಡು ಹಾರಿಸಿ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ.

ನಮ್ಮವರು ಯಾರೂ ಇದನ್ನು ಕಂಡಿರಲಿಲ್ಲ. ಅವರ ಹೆಸರು ಕಾಣೆಯಾದವರ ಪಟ್ಟಿಯಲ್ಲಿ ಉಳಿಯಿತು. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ, ಅದೂ ಎದುರಾಳಿ ಪಡೆಯ ಕತೆ ಹೇಳುವ ಪುಸ್ತಕದಿಂದ, ಆ ಕಾದಾಟದ ಸುಳಿವು ಸಿಕ್ಕಿತು. ವಾಯುಪಡೆ ಮತ್ತೆ ವಿಚಾರಿಸಿ ನೋಡಿತು. 1988ರಲ್ಲಿ ಮಹಾವೀರ ಚಕ್ರ ಅವರ ಪತ್ನಿಯ ಕೈ ಸೇರಿತು. 23 ವರ್ಷ! ಗಂಡ ಕೊನೆ ಗಳಿಗೆಯಲ್ಲಿ ಏನು ಮಾಡಿದರೆಂದು ತಿಳಿಯದೆ ಆ ತಾಯಿ ಅಷ್ಟು ಕಾಲ ಹೇಗೆ ಕಳೆದರೋ. ದೇವಯ್ಯನವರ ಶೌರ್ಯದಷ್ಟೇ ಇದೂ ನನ್ನನ್ನು ಕಾಡುತ್ತದೆ.

ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಬೀದರಿನಲ್ಲಿ ನಾನು ಪುತ್ಥಳಿ ಕೇಳುತ್ತಿಲ್ಲ. ಜಾಗ, ಸಮಿತಿ, ಅನುದಾನ ಎಂದು ವರ್ಷಗಳು ಉರುಳುತ್ತವೆ. 2020ರಲ್ಲಿ ಜನರಿಗೆ ತೆರೆದ ನಮ್ಮ ವಿಮಾನ ನಿಲ್ದಾಣದ ಒಂದು ಗೋಡೆ ಸಾಕು. ಅಲ್ಲಿ ಅವರ ಭಾವಚಿತ್ರ, ಆದಂಪುರದಿಂದ ಸರ್ಗೋಧಾಕ್ಕೆ ಹೋದ ದಾರಿಯ ನಕ್ಷೆ, ಇಡೀ ಕತೆ ಕನ್ನಡದಲ್ಲಿ ಇರಲಿ. ಆ 23 ವರ್ಷಗಳ ಮಾತನ್ನೂ ಬಿಡದೆ ಬರೆಸಿ. ಪ್ರತಿವರ್ಷ ಸೆಪ್ಟೆಂಬರ್ 7ರಂದು ಸರಕಾರಿ ಪ್ರೌಢಶಾಲೆಗಳ ಮಕ್ಕಳನ್ನು ಕರೆದೊಯ್ದು ತೋರಿಸಲು ಶಿಕ್ಷಣ ಇಲಾಖೆಗೆ ಸೂಚಿಸಿ.

ವಾಯುಪಡೆಯ ಒಪ್ಪಿಗೆ ಬೇಕಾದರೆ ಜಿಲ್ಲಾಧಿಕಾರಿಗಳಿಂದ ಪತ್ರ ಬರೆಸಬೇಕೆಂದು ಕೋರುತ್ತೇನೆ. ಬರಹದ ಕರಡನ್ನು ನಾವು ಶಿಕ್ಷಕರೇ ಸಿದ್ಧಪಡಿಸಿ ಕೊಡುತ್ತೇವೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ಪ್ರೌಢಶಾಲಾ ಶಿಕ್ಷಕ, ಬೀದರ್