ಬಿ.ಪಿ. ಬಂದಿದ್ದು ಯಾವ ವಯಸ್ಸಿಗೆ ಅಂತಲೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಅರಸೀಕೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಜಾಸ್ತಿ ಖರ್ಚಾಗುವುದು ಬಿ.ಪಿ. ಮತ್ತು ಶುಗರ್ ಮಾತ್ರೆಗಳೇ. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಅಂತ ಹೆಸರು ಹೇಳಲು ಬಾರದವರು ಖಾಲಿ ಸ್ಟ್ರಿಪ್ ಹಿಡಿದುಕೊಂಡು ಬರುತ್ತಾರೆ. ಮಾತಿಗೆ ನಿಂತರೆ ಕೆಲವರು, "ನಮ್ಮ ವಂಶದಲ್ಲೇ ಇದೆ ಮೇಡಂ, ಏನ್ ಮಾಡಿದ್ರೂ ಬರೋದೇ" ಎನ್ನುತ್ತಾರೆ. ಇನ್ನು ಕೆಲವರು, "ನಮ್ಮ ಕಡೆ ಯಾರಿಗೂ ಇಲ್ಲ, ನನಗೆ ಹೇಗೆ ಬರುತ್ತೆ? ಮಿಷನ್ ಸರಿ ಇಲ್ಲ ಬಿಡಿ" ಎನ್ನುತ್ತಾರೆ. ವಂಶದಲ್ಲಿ ಇದೆ ಅನ್ನುವವರು ಉಪ್ಪಿನಕಾಯಿ ಬಿಡುವುದಿಲ್ಲ. ಇಲ್ಲ ಅನ್ನುವವರು ಮಾತ್ರೆ ಮುಟ್ಟುವುದಿಲ್ಲ.

ಇದೇ ವಿಷಯಕ್ಕೆ 1950ರ ದಶಕದಲ್ಲಿ ಇಂಗ್ಲೆಂಡಿನ ಇಬ್ಬರು ದೊಡ್ಡ ವೈದ್ಯರು ವರ್ಷಗಟ್ಟಲೆ ಜಗಳ ಆಡಿದ್ದರು. ಮ್ಯಾಂಚೆಸ್ಟರ್‌ನ ರಾಬರ್ಟ್ ಪ್ಲಾಟ್, ಬಿ.ಪಿ. ಒಂದೇ ಜೀನ್‌ನಿಂದ ಬರುತ್ತದೆ, ಆ ಜೀನ್ ಇರುವವರು ಒಂದು ಜಾತಿ, ಇಲ್ಲದವರು ಇನ್ನೊಂದು ಜಾತಿ ಎಂದರು. ಜಾರ್ಜ್ ಪಿಕರಿಂಗ್ ಒಪ್ಪಲಿಲ್ಲ. ಎತ್ತರ ಹೇಗೆ ಕುಳ್ಳರಿಂದ ಉದ್ದನೆಯವರವರೆಗೆ ಎಲ್ಲ ಅಳತೆಯಲ್ಲೂ ಸಿಗುತ್ತದೋ, ಬಿ.ಪಿ. ಕೂಡ ಹಾಗೇ, ನಡುವೆ ಗೆರೆ ಎಳೆದವರು ನಾವು ಎಂದರು. ಕೊನೆಗೆ ಹೆಚ್ಚಿನ ಮಟ್ಟಿಗೆ ಗೆದ್ದಿದ್ದು ಪಿಕರಿಂಗ್. 2018ರ ಹೊತ್ತಿಗೆ ಹತ್ತು ಲಕ್ಷ ಜನರ ಡಿ.ಎನ್.ಎ. ನೋಡಿ, ಬಿ.ಪಿ.ಗೆ ಸಂಬಂಧ ಇರುವ ಸುಮಾರು 900 ಜಾಗಗಳನ್ನು ಗುರುತಿಸಿದರು. ಒಂದೊಂದು ಜಾಗದ ವ್ಯತ್ಯಾಸದಿಂದ ಬಿ.ಪಿ. ಸಾಮಾನ್ಯವಾಗಿ ಒಂದು ಪಾಯಿಂಟೂ ಏರುವುದಿಲ್ಲ. ಆದರೆ ಸಂಜೆ ಗಲ್ಲಾದಲ್ಲಿ ಚಿಲ್ಲರೆ ಎಣಿಸಿದಾಗ ಆಗುವ ಹಾಗೆ, ಎಲ್ಲ ಸೇರಿದರೆ ಮೊತ್ತ ದೊಡ್ಡದೇ. ಒಬ್ಬರಿಗೂ ಇನ್ನೊಬ್ಬರಿಗೂ ಬಿ.ಪಿ.ಯಲ್ಲಿ ಇರುವ ವ್ಯತ್ಯಾಸದಲ್ಲಿ ಶೇ. 30ರಿಂದ 50ರಷ್ಟು ಹುಟ್ಟಿನಿಂದ ಬಂದದ್ದು ಅಂತ ಅಂದಾಜು.

ಮನೆಯವರು ಒಂದೇ ಅಡುಗೆ ಉಣ್ಣುತ್ತಾರಲ್ವಾ, ಅದಕ್ಕೇ ಎಲ್ಲರಿಗೂ ಬಂದಿರಬಹುದು ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1970ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇದನ್ನೇ ನೋಡಲು ದತ್ತು ಮಕ್ಕಳಿರುವ ಮನೆಗಳಿಗೆ ಹೋದರು. ಹೆತ್ತ ಮಕ್ಕಳ ಬಿ.ಪಿ. ಅಪ್ಪ ಅಮ್ಮನದ್ದನ್ನು ಹೋಲುತ್ತಿತ್ತು. ಅದೇ ಮನೆಯ ಊಟ ಉಂಡು ಬೆಳೆದ ದತ್ತು ಮಕ್ಕಳದ್ದು ಅಷ್ಟಾಗಿ ಹೋಲುತ್ತಿರಲಿಲ್ಲ.

ಒಂದೇ ಜೀನ್‌ನಿಂದ ಬರುವ ಬಿ.ಪಿ. ಇಲ್ಲವೇ ಇಲ್ಲ ಅಂತಲ್ಲ, ಇದೆ. ಬಹಳ ಅಪರೂಪ ಅಷ್ಟೇ. ಅಮೆರಿಕದ ಡಾ. ಗ್ರಾಂಟ್ ಲಿಡಲ್ 1963ರಲ್ಲಿ ಅಂಥ ಒಂದು ಕುಟುಂಬದ ಬಗ್ಗೆ ಬರೆದರು. ಹದಿನಾರು ವರ್ಷದ ಹುಡುಗಿಗೆ ವಿಪರೀತ ಬಿ.ಪಿ., ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ಒಡಹುಟ್ಟಿದವರಿಗೂ ಅದೇ. ಹೊರಗೆ ಹೋಗಬೇಕಾದ ಉಪ್ಪನ್ನು ಅವಳ ಕಿಡ್ನಿ ಹಿಡಿದಿಟ್ಟುಕೊಳ್ಳುತ್ತಿತ್ತು. ಮುಂದೆ ಕಿಡ್ನಿ ಕೆಟ್ಟು 1989ರಲ್ಲಿ ಬೇರೆಯವರ ಕಿಡ್ನಿ ಹಾಕಿದರು. ಬಿ.ಪಿ. ಸರಿಹೋಯಿತು! ಜೀನ್‌ನಲ್ಲಿ ಯಾವ ಜಾಗ ಎಡವಟ್ಟಾಗಿತ್ತು ಅಂತ ರಿಚರ್ಡ್ ಲಿಫ್ಟನ್ ಅವರ ತಂಡ 1994ರಲ್ಲಿ ಪತ್ತೆ ಮಾಡಿತು. ಆಮೇಲೆ ಸಿಕ್ಕ ಇಂಥ ಅಪರೂಪದ ಜೀನ್‌ಗಳಲ್ಲೂ ಹೆಚ್ಚಿನವುಗಳ ದಾರಿ ಕಿಡ್ನಿ ಮತ್ತು ಉಪ್ಪಿನದ್ದೇ. ಹಾಗಾಗಿ "ವಂಶದಲ್ಲಿದೆ, ಇನ್ನು ಉಪ್ಪು ಬಿಟ್ಟು ಏನು ಪ್ರಯೋಜನ" ಎನ್ನುವ ಮಾತು ನನಗೆ ತಲೆಕೆಳಗಾಗಿ ಕಾಣುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲ ಆ ಚಮಚದೊಳಗೇ ಬರಬೇಕು. ವಂಶದಲ್ಲಿ ಇರುವವರೇ ಮೊದಲು ಆ ಲೆಕ್ಕ ನೋಡಬೇಕು.

ಇತ್ತೀಚೆಗೆ ಎಂಜಲು ಕಳಿಸಿದರೆ ಮುಂದೆ ಬರುವ ಕಾಯಿಲೆ ಹೇಳುತ್ತೇವೆ ಎನ್ನುವ ಜಾಹೀರಾತುಗಳು ಫೋನಿನಲ್ಲಿ ಬರುತ್ತಿವೆ. ಅಂಗಡಿಗೆ ಬಂದ ಹುಡುಗರು ತೋರಿಸಿ, ಮಾಡಿಸಲಾ ಅಂತ ಕೇಳುತ್ತಾರೆ. ಬೇಡ ಎನ್ನುತ್ತೇನೆ. ಆ ಹತ್ತು ಲಕ್ಷ ಜನ ಯುರೋಪ್ ಮೂಲದವರು. ಅವರನ್ನು ನೋಡಿ ಮಾಡಿದ ಲೆಕ್ಕ ನಮಗೆ ಅಷ್ಟು ಸರಿಯಾಗಿ ಕೂರುವುದಿಲ್ಲ. ನಮ್ಮವರದ್ದೇ ಜೀನ್ ಓದುವ ಕೆಲಸ 2020ರಲ್ಲಿ ಜೀನೋಮ್ ಇಂಡಿಯಾ ಹೆಸರಿನಲ್ಲಿ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವೇ ಅದರ ಮುಂದಾಳು. 83 ಸಮುದಾಯಗಳ ಸುಮಾರು 10 ಸಾವಿರ ಜನರ ಜೀನ್ ಓದಿದ್ದಾರೆ. ಒಳ್ಳೆಯ ಶುರು.

ಅಲ್ಲಿಯವರೆಗೆ ಕೈಯಲ್ಲಿರುವ, ಕಾಸು ಬೇಡದ ಪರೀಕ್ಷೆ ಒಂದಿದೆ. ಹೆತ್ತವರಿಗೆ ಯಾವ ವಯಸ್ಸಿನಲ್ಲಿ ಬಿ.ಪಿ. ಬಂತು ಅಂತ ಕೇಳುವುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಓದಿದ 1,160 ಗಂಡು ವೈದ್ಯ ವಿದ್ಯಾರ್ಥಿಗಳನ್ನು ಐವತ್ತಕ್ಕೂ ಹೆಚ್ಚು ವರ್ಷ ಗಮನಿಸಿದ ಒಂದು ಅಧ್ಯಯನ ಇದೆ. ಅಪ್ಪ ಅಮ್ಮ ಇಬ್ಬರಿಗೂ 55ರೊಳಗೇ ಬಿ.ಪಿ. ಬಂದಿದ್ದರೆ ಮಕ್ಕಳಿಗೆ ಬರುವ ಸಂಭವ ಆರು ಪಟ್ಟು ಜಾಸ್ತಿ ಇತ್ತು. 35ನೇ ವಯಸ್ಸಿನ ಹೊತ್ತಿಗೇ ಬರುವ ಸಂಭವವಂತೂ 20 ಪಟ್ಟು!

ಆಶಾ ಕಾರ್ಯಕರ್ತೆಯರು ಮನೆಮನೆಗೆ ತರುವ ತಪಾಸಣಾ ಫಾರಂ ನೋಡಿ. ಹೆತ್ತವರು, ಒಡಹುಟ್ಟಿದವರಲ್ಲಿ ಯಾರಿಗಾದರೂ ಬಿ.ಪಿ., ಶುಗರ್, ಹೃದಯದ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಅದರಲ್ಲಿದೆ. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಸಾಕ್ಷಾತ್ ಪ್ಲಾಟ್ ಸಾಹೇಬರೇ ಬರೆದ ಹಾಗಿದೆ. ಎಪ್ಪತ್ತೈದಕ್ಕೆ ಬಿ.ಪಿ. ಬಂದ ಅಜ್ಜನ ಮಗನಿಗೂ "ಹೌದು", ನಮ್ಮಮ್ಮನ ಹಾಗೆ 38ಕ್ಕೇ ಮಾತ್ರೆ ಶುರುವಾದವರ ಮಗನಿಗೂ "ಹೌದು". ಮೇಲಾಗಿ ಈ ತಪಾಸಣೆ 30 ದಾಟಿದವರಿಗೆ. ಬೇಗ ಬರುವ ಮನೆತನದ 22ರ ಹುಡುಗ ಇದರ ಕಣ್ಣಿಗೇ ಬೀಳುವುದಿಲ್ಲ.

ದುಡ್ಡು ಕೊಟ್ಟು ಮಾಡಿಸುವ ಕಡೆಯೂ ಇದೇ ಕಥೆ. ನನ್ನ ತಮ್ಮನಿಗೆ ಕೆಲಸಕ್ಕೆ ಸೇರುವಾಗ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೆಡಿಕಲ್ ಮಾಡಿಸಿದರು. ಆಗ ಅವನಿಗೆ 27. ಬಿ.ಪಿ. 148/96. ವಂಶದ ಕಾಲಂನಲ್ಲಿ ಟಿಕ್ ಹಾಕಿಕೊಂಡರು. ಆಮೇಲೆ, "ಟೆನ್ಷನ್ ಇರುತ್ತೆ ಸರ್, ರೆಸ್ಟ್ ತಗೊಳ್ಳಿ" ಅಂತ ಕಳಿಸಿದರು. ಇನ್ನೊಮ್ಮೆ ಬನ್ನಿ ಅನ್ನಲಿಲ್ಲ. ಆ ವಯಸ್ಸಿಗೆ ಅಷ್ಟು ಬಿ.ಪಿ. ಇದ್ದರೆ ಬೇರೆ ಬೇರೆ ದಿನ ಮತ್ತೆ ನೋಡಬೇಕು. ಏರಿಯೇ ಇದ್ದರೆ ಕಿಡ್ನಿ, ಪೊಟ್ಯಾಸಿಯಂ ಪರೀಕ್ಷೆ ಆಗಬೇಕು. ಹಾಗಾದರೆ ಆ ಟಿಕ್ ಯಾರಿಗಾಗಿ?

ಆರೋಗ್ಯ ಇಲಾಖೆಯವರಲ್ಲಿ ನನ್ನ ಬೇಡಿಕೆ ಸಣ್ಣದು. "ಹೌದು" ಎಂಬುದರ ಪಕ್ಕ "ಯಾವ ವಯಸ್ಸಿಗೆ?" ಅಂತ ಒಂದು ಖಾನೆ ಹಾಕಿ. ಹೆತ್ತವರಲ್ಲಿ ಯಾರಿಗಾದರೂ 55ರೊಳಗೆ ಬಂದಿದ್ದರೆ ಆ ಮನೆಯ ಮಕ್ಕಳಿಗೆ 18 ತುಂಬಿದ ಮೇಲೆ ವರ್ಷಕ್ಕೊಮ್ಮೆ ಪಟ್ಟಿ ಕಟ್ಟಿ ನೋಡಿ. ನಮ್ಮ ಜನಕ್ಕೆ ವಯಸ್ಸು ನೆನಪಿರುವುದಿಲ್ಲ ಎನ್ನಬೇಡಿ. ಇಸವಿ ಕೇಳಿದರೆ ಯಾರೂ ಹೇಳಲ್ಲ, ನಿಜ. "ಮಾತ್ರೆ ಶುರುವಾಗಿದ್ದು ದೊಡ್ಡ ಮಗಳ ಮದುವೆಗೆ ಮೊದಲೋ, ಆಮೇಲೋ?" ಅಂತ ಕೇಳಿ. ತಿಂಗಳ ಸಮೇತ ಹೇಳುತ್ತಾರೆ.

– ಔಷಧಿ ಅಂಗಡಿಯವಳು, ಅರಸೀಕೆರೆ